ಕುರಿಗಳ ಕೂಗು

ಕಳೆದುಹೋದ ಕತ್ತೆಗಳನ್ನು ಹುಡುಕಿಕೊಂಡು ಹೊರಟ ತರುಣನೊಬ್ಬನು ರಾಜ್ಯವನ್ನು ಗಳಿಸಿ ಮನೆಗೆ ಹಿಂದಿರುಗಿದನೆಂದರೆ ಅದು ಅಜ್ಜಿ ಹೇಳುವ ಕಥೆಯಂತೆ ಕೇಳಿಸುತ್ತದೆ. ಇಸ್ರಾಯೇಲಿನ ಪ್ರಥಮ ಅರಸನಾದ ಸೌಲನ ಚರಿತ್ರೆ ಆರಂಭವಾಗುವುದು ಹೀಗೆಯೇ. ಕನ್ನಡ ಸತ್ಯವೇದದಲ್ಲಿ ಸಮುವೇಲನ ಹೆಸರನ್ನು ಹೊತ್ತ ಎರಡು ಗ್ರಂಥಗಳಿವೆಯಷ್ಟೆ. ಅವುಗಳಲ್ಲಿ ಮೊದಲನೆಯದರ 9ನೆಯ ಅಧ್ಯಾಯದಲ್ಲಿ ಬೆನ್ಯಾಮೀನ್ ಕುಲದ ಕೀಷನೆಂಬ ಗೃಹಸ್ಥನ ಕತ್ತೆಗಳು ತಪ್ಪಿಸಿಕೊಂಡು ಹೋಗುತ್ತವೆ. 31ನೆಯ ಅಧ್ಯಾಯದಲ್ಲಿ ಅದೇ ಕೀಷನ ಮಗನ ರುಂಡವಿಲ್ಲದ ದೇಹವನ್ನು ಶತ್ರುಗಳು ಬೇತ್‌ಷೆಯಾನಿನ ಕೋಟೆಗೋಡೆಗೆ ಜಡಿಯುತ್ತಾರೆ. ಆ ಕತ್ತೆಗಳಿಗೂ ಈ ಕೋಟೆಗೋಡೆಗೂ ನಡುವೆ ಇರುವುದು ಒಬ್ಬ ಮನುಷ್ಯನ ಏಳುಬೀಳು. ಏಳಿಗೆ ಕೆಲವೇ ಪುಟಗಳದು. ಬೀಳು ಬಹಳ ನಿಧಾನವಾದದ್ದು.

ದೇವರ ಮಾತನ್ನು ಮೀರಿದ್ದರಿಂದ ಸೌಲನು ಕೆಟ್ಟನೆಂದು ಗ್ರಂಥವು ಸ್ಪಷ್ಟವಾಗಿಯೇ ಹೇಳುತ್ತದೆ. ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಅವನು ಮೀರಿದ್ದಾದರೂ ಎಂತಹ ಮಾತನ್ನು, ಎಷ್ಟರಮಟ್ಟಿಗೆ ಮೀರಿದನು ಎಂದು ವಿಚಾರಿಸಹೊರಟವರಿಗೆ ಆಶ್ಚರ್ಯ ಕಾದಿರುತ್ತದೆ. ಅವನು ಅನ್ಯದೇವತೆಗಳಿಗೆ ಗುಡಿ ಕಟ್ಟಿಸಲಿಲ್ಲ. ಪರಸ್ತ್ರೀಯನ್ನು ಬಯಸಲಿಲ್ಲ. ದೇವರಿಲ್ಲವೆಂದು ಸಾರಲಿಲ್ಲ. ಮಾಡೆಂದ ಕೆಲಸವನ್ನು ಬಹುಪಾಲು ಮಾಡಿ ಮುಗಿಸಿದನು. ಉಳಿದ ಅಲ್ಪಭಾಗ ಅವನನ್ನೂ ಅವನ ಮನೆತನವನ್ನೂ ನುಂಗಿತು.

ಈ ಕಥೆ ನಡೆದದ್ದು ಕ್ರಿಸ್ತಪೂರ್ವ 11ನೆಯ ಶತಮಾನದ ಕೊನೆಯ ಭಾಗದಲ್ಲಿ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದಕ್ಕೆ ಮುಂಚೆ ಇಸ್ರಾಯೇಲ್ಯರಿಗೆ ಅರಸನೆಂಬುವನಿರಲಿಲ್ಲ. ಹನ್ನೆರಡು ಕುಲಗಳು, ಕಷ್ಟ ಬಂದಾಗ ಮುಂದೆ ನಿಂತು ನಡೆಸುವ ನ್ಯಾಯಸ್ಥಾಪಕರು, ಇಷ್ಟೇ ಅವರ ರಾಜ್ಯವ್ಯವಸ್ಥೆ. ಆ ಸಾಲಿನ ಕೊನೆಯವನಾದ ಸಮುವೇಲನಿಗೆ ವೃದ್ಧಾಪ್ಯ ಬಂದಿತು. ಬೇರ್ಷೆಬದಲ್ಲಿ ನ್ಯಾಯಪೀಠವೇರಿದ್ದ ಅವನ ಇಬ್ಬರು ಮಕ್ಕಳು ಲಂಚಕ್ಕೆ ಕೈಯೊಡ್ಡಿದರು. ಪಶ್ಚಿಮದ ಕರಾವಳಿಯಲ್ಲಿ ಬೇರೂರಿದ್ದ ಫಿಲಿಷ್ಟಿಯರ ಒತ್ತಡ ದಿನದಿನಕ್ಕೆ ಹೆಚ್ಚುತ್ತಿತ್ತು. ಇಸ್ರಾಯೇಲಿನ ರೈತನು ತನ್ನ ನೇಗಿಲಿನ ಗುಳವನ್ನು ಹರಿತ ಮಾಡಿಸಬೇಕಾದರೂ ಫಿಲಿಷ್ಟಿಯರ ಕಮ್ಮಾರನ ಬಾಗಿಲಿಗೇ ಹೋಗಬೇಕಾಗಿತ್ತು. ಹಿರಿಯರೆಲ್ಲ ಕೂಡಿ, ಸುತ್ತಣ ಜನಾಂಗಗಳಿಗಿರುವಂತೆ ತಮಗೂ ಒಬ್ಬ ಅರಸ ಬೇಕೆಂದು ಸಮುವೇಲನನ್ನು ಒತ್ತಾಯಿಸಿದರು. ಅರಸನೆಂದರೆ ಏನೆಂಬುದನ್ನು ಮುದುಕನು ಬಿಡಿಸಿ ಹೇಳಿದನು. ಮಕ್ಕಳನ್ನು ರಥಗಳ ಮುಂದೆ ಓಡಿಸುವನು, ಹೆಣ್ಣುಮಕ್ಕಳನ್ನು ಅಡಿಗೆಗೆ ಹಚ್ಚುವನು, ಒಳ್ಳೆಯ ಹೊಲಗಳನ್ನು ಕಿತ್ತು ಸೇವಕರಿಗೆ ಕೊಡುವನು, ಬೆಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ಎತ್ತುವನು ಎಂದು. ಮೂರು ಸಾವಿರ ವರ್ಷಗಳ ಹಿಂದಿನ ಈ ಎಚ್ಚರಿಕೆಯನ್ನು ಓದಿ ತಮ್ಮ ಕಾಲದ ತೆರಿಗೆಯ ಚೀಟಿಯನ್ನು ನೆನೆಯದ ಗೃಹಸ್ಥರು ವಿರಳ. ಜನ ಕೇಳಲಿಲ್ಲ. ಅರಸ ಬೇಕೇ ಬೇಕೆಂದರು.

ಆಗ ದೊರೆತವನು ಸೌಲ. ಜನರ ನಡುವೆ ನಿಂತರೆ ಉಳಿದವರೆಲ್ಲ ಅವನ ಭುಜದವರೆಗೆ ಮಾತ್ರ ಬರುತ್ತಿದ್ದರಂತೆ. ಇಂತಹ ಆಳ್ತನವುಳ್ಳವನು, ಮಿಚ್ಪದಲ್ಲಿ ಚೀಟಿಯೆತ್ತಿ ತನ್ನ ಹೆಸರನ್ನು ಕರೆದಾಗ, ಸಾಮಾನುಸರಂಜಾಮುಗಳ ನಡುವೆ ಅವಿತುಕೊಂಡಿದ್ದನು! ಹುಡುಕಿ ಎಳೆದುಕೊಂಡು ಬರಬೇಕಾಯಿತು. ಪದವಿಗಾಗಿ ಹಾತೊರೆಯುವವರನ್ನು ಕಂಡು ಬೇಸತ್ತವರಿಗೆ ಈ ಸಂಕೋಚ ಬಹಳ ಹಿತವಾಗಿ ತೋರುತ್ತದೆ. ಆದರೆ ಜನರ ಕಣ್ಣಿಗೆ ಹೆದರಿ ಅಡಗುವ ಸ್ವಭಾವಕ್ಕೂ ಜನರ ಕಣ್ಣಿಗಾಗಿಯೇ ಬದುಕುವ ಸ್ವಭಾವಕ್ಕೂ ಅಂತರ ಬಹಳವಿಲ್ಲವೆಂಬುದನ್ನು ಮುಂದಿನ ಕಥೆ ತೋರಿಸಿಕೊಡುತ್ತದೆ.

ಅವನ ಮೊದಲ ದಿನಗಳು ನಿಜವಾಗಿಯೂ ಉಜ್ವಲವಾದವು. ಅಮ್ಮೋನಿಯನಾದ ನಾಹಾಷನು ಯಾಬೇಷ್ ಗಿಲ್ಯಾದ್ ಎಂಬ ಊರನ್ನು ಮುತ್ತಿ, ಶರಣಾಗುವುದಾದರೆ ಪ್ರತಿಯೊಬ್ಬನ ಬಲಗಣ್ಣನ್ನು ಕೀಳುವುದಾಗಿ ಹೇಳಿಕಳುಹಿಸಿದನು. ಊರವರು ಏಳು ದಿನದ ಗಡುವನ್ನು ಬೇಡಿಕೊಂಡರು. ಸುದ್ದಿ ಗಿಬೆಯವನ್ನು ಮುಟ್ಟಿದಾಗ ಹೊಸ ಅರಸನು ಹೊಲದಿಂದ ಎತ್ತುಗಳ ಹಿಂದೆ ನಡೆದು ಬರುತ್ತಿದ್ದನು. ಸಿಂಹಾಸನವೇರಿಯೂ ಅವನು ಉಳುವುದನ್ನು ಬಿಟ್ಟಿರಲಿಲ್ಲ. ಕೇಳಿದೊಡನೆ ಕೆರಳಿದನು, ಕುಲಗಳನ್ನೆಲ್ಲ ಒಗ್ಗೂಡಿಸಿ, ಬೆಳಗಿನ ಜಾವದಲ್ಲಿ ಅಮ್ಮೋನಿಯರ ಪಾಳೆಯಕ್ಕೆ ನುಗ್ಗಿ ಆ ಊರನ್ನು ಉಳಿಸಿದನು. ಗೆಲವಿನ ಉನ್ಮಾದದಲ್ಲಿ ಜನರು, ಹಿಂದೆ ಇವನನ್ನು ಹಳಿದವರನ್ನು ಹಿಡಿದು ಕೊಲ್ಲೋಣವೆಂದರು. ಸೌಲನು ಒಪ್ಪಲಿಲ್ಲ, ಬಿಡುಗಡೆಯ ಆ ದಿನ ಯಾರ ರಕ್ತವೂ ಬೀಳಕೂಡದೆಂದನು. ಈ ಔದಾರ್ಯವನ್ನೂ ಯಾಬೇಷ್ ಗಿಲ್ಯಾದಿನ ಹೆಸರನ್ನೂ ಓದುಗರು ಮರೆಯಬಾರದು.

ಮೊದಲ ಬಿರುಕು ಬಿಟ್ಟದ್ದು ಗಿಲ್ಗಾಲಿನಲ್ಲಿ. ಫಿಲಿಷ್ಟಿಯರು ಮಿಕ್ಮಾಷಿನಲ್ಲಿ ಪಾಳೆಯ ಬಿಟ್ಟಿದ್ದರು. ಏಳು ದಿನ ಕಾಯಬೇಕು, ತಾನು ಬಂದು ಯಜ್ಞವನ್ನರ್ಪಿಸಿ ಮುಂದಿನದನ್ನು ತಿಳಿಸುವೆನೆಂದು ಸಮುವೇಲನು ಹೇಳಿಟ್ಟಿದ್ದನು. ಸೌಲನು ಕಾದನು. ಒಂದೊಂದು ರಾತ್ರಿ ಕಳೆದಂತೆಯೂ ಸೈನ್ಯ ಕರಗಿತು. ಕೆಲವರು ಗವಿಗಳನ್ನು ಹೊಕ್ಕರು, ಕೆಲವರು ಹಾಳುಬಾವಿಗಳಲ್ಲಿ ಇಳಿದರು, ಇನ್ನು ಕೆಲವರು ಯೊರ್ದನನ್ನು ದಾಟಿ ಓಡಿಯೇಹೋದರು. ಉಳಿದವರು ಆರು ನೂರು ಮಂದಿ. ಅವರಲ್ಲಿ ಕತ್ತಿಯೋ ಈಟಿಯೋ ಇದ್ದದ್ದು ಅರಸನ ಬಳಿ ಮತ್ತು ಅವನ ಮಗ ಯೋನಾತಾನನ ಬಳಿ ಮಾತ್ರ. ಏಳನೆಯ ದಿನವೂ ಬಂದಿತು, ಮುದುಕನ ಸುಳಿವಿಲ್ಲ. ಸೌಲನು ತಾನೇ ಯಜ್ಞವನ್ನರ್ಪಿಸಿದನು. ಹೊಗೆ ಇನ್ನೂ ಏಳುತ್ತಿರುವಾಗಲೇ ಸಮುವೇಲನು ಬಂದುಬಿಟ್ಟನು.

ಇಲ್ಲಿ ಓದುಗನ ಮನಸ್ಸು ಸೌಲನ ಕಡೆಗೇ ವಾಲುತ್ತದೆ. ಇನ್ನೊಂದು ಗಳಿಗೆ ಕಾದಿದ್ದರೆ ಸರಿಹೋಗುತ್ತಿತ್ತೆಂಬುದು ದೂರದಲ್ಲಿ ಕುಳಿತವರಿಗೆ ತಿಳಿಯುವ ಮಾತು; ಆರು ನೂರು ಬರಿಗೈ ಬಂಟರನ್ನು ಮುಂದಿಟ್ಟುಕೊಂಡವನಿಗೆ ಅಲ್ಲ. ಅಷ್ಟಕ್ಕೂ ಅವನು ಮಾಡಿದ್ದೇನು? ದೇವರಿಗೆ ಪೂಜೆ. ಅದಕ್ಕಾಗಿ ರಾಜ್ಯವೇ ಉಳಿಯದೆಂಬ ಶಾಪವೆ?

ಆದರೆ ಆ ಕಾಲದ ನೆರೆಹೊರೆಯನ್ನು ನೋಡಿದರೆ ವಿಷಯ ಬೇರೆಯಾಗುತ್ತದೆ. ಈಜಿಪ್ಟಿನಲ್ಲಿ ಫರೋಹನೇ ದೇವತೆ. ಅಸ್ಸೀರಿಯದಲ್ಲಿ ಅರಸನೇ ಅಶ್ಶೂರ ದೇವನ ಪ್ರಧಾನ ಅರ್ಚಕ. ಅಂತಹ ಕಡೆ ಅರಸನ ಮಾತನ್ನು ತಡೆಯುವ ಮಾತು ಮತ್ತೊಂದಿಲ್ಲ. ಇಸ್ರಾಯೇಲಿನಲ್ಲಿ ಮಾತ್ರ, ಅರಸನನ್ನು ಕೊಡುವಾಗಲೇ ಅವನ ತಲೆಯ ಮೇಲೊಂದು ಮಾತನ್ನು ಇಟ್ಟಿದ್ದರು. ಆ ಮಾತನ್ನು ಹೇಳುವವನಿಗೆ ಸೈನ್ಯವಿಲ್ಲ, ಬೊಕ್ಕಸವಿಲ್ಲ. ಬರುವುದು ತಡವಾದರೂ ಆಗಬಹುದು. ಅವನಿಗಾಗಿ ಅರಸನು ಕಾಯಬೇಕು. ಕಾಯುವುದೇ ಅಲ್ಲಿಯ ಅರಸುತನದ ತಿರುಳಾಗಿತ್ತು. ಗಿಲ್ಗಾಲಿನಲ್ಲಿ ಸೌಲನು ಪೂಜೆಯನ್ನು ಮಾಡಿದ್ದು ಭಕ್ತಿಯಿಂದಲ್ಲ, ಚದುರುತ್ತಿರುವ ಜನರನ್ನು ಹಿಡಿದು ನಿಲ್ಲಿಸುವ ಉಪಾಯವಾಗಿ. ಸಮುವೇಲನು ಕೇಳಿದಾಗ ಅವನು ಕೊಟ್ಟ ಉತ್ತರದಲ್ಲಿ ಇದು ಬಯಲಾಗುತ್ತದೆ: ಜನರು ಚದುರುತ್ತಿದ್ದರು, ನೀನು ಹೊತ್ತಿಗೆ ಬರಲಿಲ್ಲ, ಶತ್ರುಗಳು ಕೂಡುತ್ತಿದ್ದರು, ಮನಸ್ಸಿಲ್ಲದಿದ್ದರೂ ಮಾಡಬೇಕಾಯಿತು ಎಂದು. ನಾಲ್ಕು ಕಾರಣಗಳು, ನಾಲ್ಕೂ ನಿಜವಾದವೇ. ಸೌಲನು ಆಡಿದ ಸಮಜಾಯಿಷಿಗಳಲ್ಲಿ ಸುಳ್ಳಿಗಿಂತ ನಿಜವೇ ಹೆಚ್ಚೆಂಬುದು ಅವನ ದುರ್ದೈವ.

ಎರಡನೆಯ ಸಂದರ್ಭ ಹೆಚ್ಚು ಘೋರವಾದದ್ದು. ಇಸ್ರಾಯೇಲ್ಯರು ಈಜಿಪ್ಟಿನಿಂದ ಹೊರಟುಬಂದಾಗ ದಾರಿಯಲ್ಲಿ, ದಣಿದು ಹಿಂದೆ ಬಿದ್ದವರ ಮೇಲೆ ಎರಗಿದ ಅಮಾಲೇಕ್ಯರ ಹಳೆಯ ಲೆಕ್ಕವೊಂದು ತೀರದೆ ಉಳಿದಿತ್ತು. ಆ ಜನಾಂಗವನ್ನು ಗಂಡಸು, ಹೆಂಗಸು, ಮೊಲೆಯೂಡುವ ಕೂಸು ಸಹಿತವಾಗಿ, ದನಕುರಿಗಳ ಸಹಿತವಾಗಿ ಅಳಿಸಿಹಾಕಬೇಕೆಂಬ ಅಪ್ಪಣೆಯನ್ನು ಸಮುವೇಲನು ದೇವರ ಹೆಸರಿನಲ್ಲಿ ತಂದನು.

ಇಂದಿನ ಓದುಗನು ಇಲ್ಲಿ ತಡೆದು ನಿಲ್ಲುವುದು ಸಹಜ. ನಿಲ್ಲದಿದ್ದರೆ ಅದೇ ಅಸಹಜ. 1948ರಲ್ಲಿ ವಿಶ್ವಸಂಸ್ಥೆಯು ಜನಾಂಗನಾಶವನ್ನು ಮಹಾಪರಾಧವೆಂದು ಸಾರಿದ ಮೇಲೆ ಬದುಕುತ್ತಿರುವ ಜನರಿಗೆ ಈ ಪುಟ ಸುಲಭವಾಗಿ ಜೀರ್ಣವಾಗುವಂಥದಲ್ಲ. ಅದು ಯೆಹೂದ್ಯರಿಗೂ ಸುಲಭವಾಗಿರಲಿಲ್ಲ. ವಿಯೆನ್ನಾದಲ್ಲಿ ಹುಟ್ಟಿ 1965ರಲ್ಲಿ ಜೆರೂಸಲೇಮಿನಲ್ಲಿ ತೀರಿಕೊಂಡ ದಾರ್ಶನಿಕ ಮಾರ್ಟಿನ್ ಬೂಬರರು ತಮ್ಮ ನೆನಪುಗಳಲ್ಲಿ ಒಂದು ಪ್ರಸಂಗವನ್ನು ಬರೆದಿದ್ದಾರೆ. ರೈಲುಪ್ರಯಾಣದಲ್ಲಿ ಜೊತೆಯಾದ ಪರಿಚಿತನೊಬ್ಬನು ಶಾಸ್ತ್ರದ ಒಂದು ನಿಯಮವನ್ನೂ ಬಿಡದೆ ನಡೆಸುವ ಆಸ್ತಿಕ. ಮಾತು ಈ ಅಧ್ಯಾಯದ ಕಡೆಗೆ ತಿರುಗಿದಾಗ ಬೂಬರರು, ಶತ್ರುವನ್ನು ಕೊಲ್ಲದೆ ಬಿಟ್ಟದ್ದಕ್ಕಾಗಿ ದೇವರು ಸೌಲನನ್ನು ದಂಡಿಸಿದನೆಂಬುದನ್ನು ತಾವು ನಂಬಲಾರೆವೆಂದರು. ಹಾಗಾದರೆ ಸಮುವೇಲನೇ ದೇವರನ್ನು ತಪ್ಪಾಗಿ ತಿಳಿದನೆಂದು ನಿಮ್ಮ ಅಭಿಪ್ರಾಯವೇ ಎಂದು ಆತ ಹುಬ್ಬುಗಂಟಿಕ್ಕಿ ಕೇಳಿದನು. ಬೂಬರರು ಹೌದೆಂದರು. ಸ್ವಲ್ಪ ಹೊತ್ತು ಮೌನ. ಆಮೇಲೆ ಆ ಆಸ್ತಿಕನ ಮುಖ ತಿಳಿಯಾಗಿ, ತನಗೂ ಹಾಗೆಯೇ ಅನ್ನಿಸುತ್ತದೆಂದು ಒಪ್ಪಿಕೊಂಡನಂತೆ.

ಸೌಲನು ಆ ಪ್ರಶ್ನೆಯನ್ನು ಕೇಳಿದ್ದರೆ ಅವನ ಕಥೆಯೇ ಬೇರೆಯಾಗುತ್ತಿತ್ತು. ಶಿಶುಗಳನ್ನು ಕೊಲ್ಲುವ ಕೆಲಸ ತನ್ನಿಂದಾಗದೆಂದು ಅವನು ಸಮುವೇಲನ ಮುಖದೆದುರಿಗೆ ಹೇಳಿ ರಾಜ್ಯವನ್ನು ಕಳೆದುಕೊಂಡಿದ್ದರೆ, ಲೋಕವು ಅವನನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿತ್ತು. ಅವನು ನಿರ್ದಯನೂ ಅಲ್ಲ. ಹಿಂದೆ ಉಪಕಾರ ಮಾಡಿದ್ದ ಕೇನ್ಯರಿಗೆ ಯುದ್ಧಕ್ಕೆ ಮುಂಚೆಯೇ ಹೇಳಿಕಳುಹಿಸಿ ಅವರು ಜಾಗ ಬಿಡುವಂತೆ ಮಾಡಿದವನು. ಆದರೆ ಅಮಾಲೇಕ್ಯರ ವಿಷಯದಲ್ಲಿ ಅವನು ಉಳಿಸಿದ್ದು ಯಾರನ್ನು? ಅವರ ಅರಸನಾದ ಅಗಾಗನನ್ನು, ಮತ್ತು ಕೊಬ್ಬಿದ ದನಕುರಿಗಳನ್ನು. ಬಡಕಲು ಪಶುಗಳನ್ನು ದೇವರಾಜ್ಞೆಯಂತೆ ಕೊಲ್ಲಿಸಿದನು. ಸಾಧಾರಣ ಜನರನ್ನೂ ಹಾಗೆಯೇ. ಈ ಆಯ್ಕೆಯಲ್ಲಿ ಕರುಣೆಯ ಲೇಶವೂ ಇಲ್ಲ. ಬೆಲೆ ಬರುವುದನ್ನೆಲ್ಲ ಇಟ್ಟುಕೊಂಡು, ಬೆಲೆಯಿಲ್ಲದ್ದನ್ನು ದೇವರಿಗೆ ಒಪ್ಪಿಸಿದ ವ್ಯಾಪಾರ ಇದು.

ಆ ರಾತ್ರಿ ಸಮುವೇಲನು ನಿದ್ರೆ ಮಾಡಲಿಲ್ಲ. ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟನೆಂದು ಕೇಳಿ, ಮುದುಕನು ಕೋಪದಿಂದ ಬೆಳಗಿನವರೆಗೂ ದೇವರಿಗೆ ಮೊರೆಯಿಟ್ಟನೆಂದು ಗ್ರಂಥ ಹೇಳುತ್ತದೆ. ಅವನ ಕೋಪ ಯಾರ ಮೇಲೆಂಬುದನ್ನು ಮಾತ್ರ ಹೇಳುವುದಿಲ್ಲ. ಅದೇ ಅಧ್ಯಾಯದಲ್ಲಿ ಮುಂದೆ, ಪಶ್ಚಾತ್ತಾಪಪಡಲು ದೇವರು ಮನುಷ್ಯನಲ್ಲವೆಂಬ ಮಾತೂ ಬರುತ್ತದೆ. ಕೊನೆಯಲ್ಲಿ ಮತ್ತೆ ಪಶ್ಚಾತ್ತಾಪಪಟ್ಟನೆಂದಿದೆ. ವ್ಯಾಖ್ಯಾನಕಾರರು ಈ ಗಂಟನ್ನು ಬಿಡಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಿಡಿಸದೆ ಬಿಟ್ಟ ಲಿಪಿಕಾರನ ಧೈರ್ಯವೇ ಮೆಚ್ಚತಕ್ಕದ್ದು.

ಮರುದಿನ ಸಮುವೇಲನು ಅರಸನನ್ನು ಹುಡುಕಿಕೊಂಡು ಹೊರಟಾಗ ಮೊದಲು ತಿಳಿದ ಸುದ್ದಿಯೆಂದರೆ, ಸೌಲನು ಕರ್ಮೆಲಿನಲ್ಲಿ ತನಗೊಂದು ಜಯಸ್ತಂಭವನ್ನು ನಿಲ್ಲಿಸಿ ಗಿಲ್ಗಾಲಿಗೆ ಇಳಿದು ಹೋಗಿದ್ದಾನೆ ಎಂಬುದು. ಸಾಮಾನುಗಳ ಮರೆಯಲ್ಲಿ ಅಡಗಿದ್ದ ಹುಡುಗನು ಇಷ್ಟು ದೂರ ನಡೆದುಬಂದಿದ್ದನು. ಸಮುವೇಲನನ್ನು ಕಂಡೊಡನೆ ಸೌಲನು ತಾನಾಗಿಯೇ ಮುಂದೆ ಬಂದು ಆಶೀರ್ವಾದದ ಮಾತಾಡಿ, ದೇವರ ಅಪ್ಪಣೆಯನ್ನು ನೆರವೇರಿಸಿದ್ದೇನೆಂದು ನಿವೇದಿಸಿದನು. ಹಾಗಾದರೆ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗೇನು, ದನಗಳ ಅಂಬಾಧ್ವನಿಯೇನು ಎಂದು ಮುದುಕನು ಕೇಳಿದನು.

ಆಗ ಸೌಲನು ಕೊಟ್ಟ ಉತ್ತರದ ಒಂದೊಂದು ಪದವನ್ನೂ ಗಮನಿಸಬೇಕು. ಪಶುಗಳನ್ನು ತಂದವರು 'ಅವರು'. ಉಳಿಸಿದವರು 'ಜನರು'. ಉಳಿದುದನ್ನು ನಾಶಮಾಡಿದವರು ಮಾತ್ರ 'ನಾವು'. ಉಳಿಸಿಟ್ಟದ್ದು ಯಾತಕ್ಕೆಂದರೆ ಯಜ್ಞಕ್ಕೆ. ಅದೂ ಯಾವ ದೇವರಿಗೆಂದರೆ, ಸಮುವೇಲನನ್ನು ನೋಡಿ ಹೇಳಿದಂತೆ, 'ನಿನ್ನ' ದೇವರಿಗೆ. ವ್ಯಾಕರಣದಲ್ಲಿ ಸರ್ವನಾಮವೆಂಬುದು ಬಹು ಚಿಕ್ಕ ವಿಷಯ. ಆದರೆ ತಪ್ಪಿನಿಂದ ನುಣುಚಿಕೊಳ್ಳುವ ಮನುಷ್ಯನು ಮೊದಲು ಹಿಡಿಯುವ ದಾರಿ ಅದೇ. ಸರ್ಕಾರಿ ಕಚೇರಿಗಳ ಕಡತಗಳನ್ನೂ ಸಂಘಸಂಸ್ಥೆಗಳ ವಾರ್ಷಿಕ ವರದಿಗಳನ್ನೂ ಓದಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೇವರಿಗೆ ಯಜ್ಞಕ್ಕಿಂತ ವಿಧೇಯತೆ ಇಷ್ಟವೆಂದೂ, ಅವಿಧೇಯತೆಯು ಕಣಿಹೇಳುವ ಪಾಪಕ್ಕೆ ಸಮಾನವೆಂದೂ ಸಮುವೇಲನು ನುಡಿದದ್ದು ಆಗ. ಕಣಿಯ ಮಾತು ಕಥೆಯ ಕೊನೆಯಲ್ಲಿ ಮತ್ತೆ ಬರುತ್ತದೆ. ಸೌಲನು ತಪ್ಪನ್ನೊಪ್ಪಿಕೊಂಡನು, ಜನರಿಗೆ ಹೆದರಿ ಅವರ ಮಾತಿಗೆ ಕಿವಿಗೊಟ್ಟೆನೆಂದನು. ಈ ಇಡೀ ಚರಿತ್ರೆಯಲ್ಲಿ ಅವನಾಡಿದ ಅತ್ಯಂತ ಪ್ರಾಮಾಣಿಕವಾದ ಮಾತು ಇದೇ. ದೇವರ ಭಯವಿಲ್ಲದ್ದರಿಂದ ಅವನು ಮೀರಲಿಲ್ಲ; ಅದಕ್ಕಿಂತ ದೊಡ್ಡದಾದ ಇನ್ನೊಂದು ಭಯ ಅವನಲ್ಲಿತ್ತು. ಬೆನ್ನು ತಿರುಗಿಸಿ ಹೊರಟ ಸಮುವೇಲನ ನಿಲುವಂಗಿಯ ಅಂಚನ್ನು ಅವನು ಹಿಡಿದೆಳೆದನು, ಬಟ್ಟೆ ಹರಿಯಿತು. ರಾಜ್ಯವೂ ಹೀಗೆಯೇ ಹರಿದು ಬೇರೊಬ್ಬನ ಕೈಸೇರಿತೆಂದು ಮುದುಕನು ಹೇಳಿದನು. ಇಷ್ಟಾದ ಮೇಲೂ ಸೌಲನು ಬೇಡಿಕೊಂಡದ್ದೇನು? ತನ್ನ ಜನರ ಹಿರಿಯರ ಮುಂದೆ ತನ್ನ ಮಾನವನ್ನು ಉಳಿಸಬೇಕು, ಪೂಜೆಯ ಹೊತ್ತಿಗೆ ಜೊತೆಯಲ್ಲಿ ನಿಲ್ಲಬೇಕು ಎಂದು. ರಾಜ್ಯ ಹೋಯಿತೆಂದು ಕೇಳಿದ ಗಳಿಗೆಯಲ್ಲಿ ಅವನಿಗೆ ಬೇಕಾದದ್ದು ಮೆರವಣಿಗೆ. ಸಮುವೇಲನು ಅಷ್ಟನ್ನು ನಡೆಸಿಕೊಟ್ಟನು. ಆಮೇಲೆ ಅಗಾಗನನ್ನು ಬರಮಾಡಿ, ಆ ವೃದ್ಧಹಸ್ತದಿಂದಲೇ ಕಡಿದು ತುಂಡರಿಸಿ, ರಾಮಕ್ಕೆ ಹೊರಟುಹೋದನು. ಅವನು ಸಾಯುವವರೆಗೂ ಅವರಿಬ್ಬರ ಭೇಟಿಯಾಗಲಿಲ್ಲ. ಆದರೆ ಸೌಲನಿಗಾಗಿ ದುಃಖಿಸುವುದನ್ನು ಅವನು ಬಿಡಲಿಲ್ಲ.

ಇಲ್ಲಿಂದ ಮುಂದೆ ಸೌಲನು ಸಿಂಹಾಸನದ ಮೇಲೆಯೇ ಇದ್ದಾನೆ. ಅವನೊಳಗಿನ ಅರಸ ಮಾತ್ರ ಇಲ್ಲ. ದುರಾತ್ಮವೊಂದು ಬಂದು ಕಾಡುತ್ತದೆ. ಅದನ್ನು ಶಮನಗೊಳಿಸಲು ಕಿನ್ನರಿ ನುಡಿಸುವ ಹುಡುಗನನ್ನು ತರುತ್ತಾರೆ; ಆ ಹುಡುಗನೇ ದಾವೀದ. ರಾಜ್ಯವು ಯಾರ ಕೈಸೇರುವುದೋ ಅವನ ಬೆರಳುಗಳಿಂದಲೇ ಅರಸನಿಗೆ ನಿದ್ರೆ. ಹಾಲೆಂಡಿನ ಹೇಗ್ ನಗರದ ಮೌರಿಟ್ಸ್‌ಹೌಸ್ ಚಿತ್ರಶಾಲೆಯಲ್ಲಿ ರೆಂಬ್ರಾಂಟ್ ಬರೆದ ಚಿತ್ರವೊಂದಿದೆ. ಮುಂಡಾಸು ಸುತ್ತಿದ ಸೌಲನು ಒಂದು ಕೈಯಲ್ಲಿ ಈಟಿಯನ್ನು ಹಿಡಿದು ಕುಳಿತಿದ್ದಾನೆ. ಕೆಳಗಿನ ಮೂಲೆಯ ನೆರಳಿನಲ್ಲಿ ಹುಡುಗನು ವಾದ್ಯದ ಮೇಲೆ ಬಾಗಿದ್ದಾನೆ. ಅರಸನು ಪಕ್ಕದ ಪರದೆಯನ್ನೆಳೆದು ಅದರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಈ ಚಿತ್ರದ ಭಾಗ್ಯವೂ ಅದರ ನಾಯಕನದರಂತೆಯೇ. 19ನೆಯ ಶತಮಾನದಲ್ಲಿ ಅದನ್ನು ಎರಡಾಗಿ ಕತ್ತರಿಸಿ ಮತ್ತೆ ಜೋಡಿಸಿದ್ದರು. 1969ರಲ್ಲಿ ವಿದ್ವಾಂಸರೊಬ್ಬರು ಇದು ರೆಂಬ್ರಾಂಟನದೇ ಅಲ್ಲವೆಂದು ತಳ್ಳಿಹಾಕಿದರು. ದೀರ್ಘ ಪರಿಶೋಧನೆಯ ಬಳಿಕ 2015ರಲ್ಲಿ ಚಿತ್ರಶಾಲೆಯವರು ಅವನದೇ ಎಂದು ಸಾರಿದರು. ಈಟಿಯ ಕೈಯೂ ಕಣ್ಣೀರಿನ ಕಣ್ಣೂ ಒಬ್ಬನವೇ ಎಂದು ತೋರಿಸಲು ಅಂತಹ ಕೈಯೇ ಬೇಕಾಗಿತ್ತೇನೋ.

ಆ ಈಟಿಯನ್ನು ಸೌಲನು ದಾವೀದನ ಮೇಲೆ ಎಸೆದನು, ಒಮ್ಮೆ ಸ್ವಂತ ಮಗ ಯೋನಾತಾನನ ಮೇಲೂ ಎಸೆದನು. ಯುದ್ಧದಿಂದ ಹಿಂದಿರುಗುವಾಗ ಹೆಂಗಸರು ಹಾಡಿದ ಹಾಡಿನಲ್ಲಿ ದಾವೀದನ ಪಾಲಿಗೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದಿತ್ತು; ಜನರ ಬಾಯಿಗಾಗಿ ದೇವರನ್ನು ಬಿಟ್ಟವನಿಗೆ ಜನರ ಬಾಯಿಯೂ ತಪ್ಪಿತು. ಬೆನ್ನಟ್ಟಿದನು, ಅತ್ತನು, ಮತ್ತೆ ಬೆನ್ನಟ್ಟಿದನು. ಆ ವಿವರಗಳನ್ನೆಲ್ಲ ಹೇಳಬೇಕಾಗಿಲ್ಲ. ನೋಬಿನ ಪ್ರಸಂಗವನ್ನು ಮಾತ್ರ ಬಿಡುವಂತಿಲ್ಲ.

ನೋಬ್ ಎಂಬುದು ಯಾಜಕರ ಊರು. ಓಡಿಬಂದ ದಾವೀದನಿಗೆ, ಅರಸನ ಅಳಿಯನೆಂದು ನಂಬಿ, ಅಲ್ಲಿಯ ಅಹೀಮೆಲೆಕನು ರೊಟ್ಟಿ ಕೊಟ್ಟನು. ಸೌಲನು ಗಿಬೆಯದ ಪಿಚುಲವೃಕ್ಷದ ಕೆಳಗೆ ಈಟಿ ಹಿಡಿದು ಕುಳಿತಿದ್ದಾಗ ಈ ಚಾಡಿ ಬಂದಿತು. ಯಾಜಕರನ್ನು ಕೊಲ್ಲೆಂದರೆ ಅವನ ಮೈಗಾವಲಿನವರು ಕೈಯೆತ್ತಲಿಲ್ಲ. ಎದೋಮ್ಯನಾದ ದೋಯೇಗನು ಎತ್ತಿದನು. ಒಂದೇ ದಿನ 85 ಯಾಜಕರು ಸತ್ತರು. ಆಮೇಲೆ ಊರಿನ ಗಂಡಸು, ಹೆಂಗಸು, ಕೂಸು, ದನ, ಕತ್ತೆ, ಕುರಿ. ಅಮಾಲೇಕ್ಯರ ಬಗ್ಗೆ ಬಂದ ಅಪ್ಪಣೆಯ ಪಟ್ಟಿಯೇ ಹೆಚ್ಚುಕಡಮೆ ಅಕ್ಷರಶಃ ಇಲ್ಲಿ ಮತ್ತೆ ಬರುತ್ತದೆ. ದೇವರ ಹೆಸರಿನಲ್ಲಿ ಪರದೇಶೀಯರ ಮೇಲೆ ಅರ್ಧಮರ್ಧ ನಡೆಸಿದ್ದನ್ನು ಸೌಲನು ತನ್ನ ಹೆಸರಿನಲ್ಲಿ ತನ್ನವರ ಮೇಲೆ ಪೂರ್ತಿಯಾಗಿ ನಡೆಸಿದನು. ತಲೆಯ ಮೇಲಿನ ಮಾತನ್ನು ಕಿತ್ತೊಗೆದ ಅರಸನ ಕೈ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಇದೊಂದು ಸಾಕು. ಕ್ರೂರಿಗಳಿಗೆ ಕರುಣೆ ತೋರಿದವನು ಕರುಣಾಳುಗಳಿಗೆ ಕ್ರೂರಿಯಾದನೆಂದು ಯೆಹೂದ್ಯ ಪಂಡಿತರು ಅಗಾಗನನ್ನೂ ನೋಬನ್ನೂ ಒಂದೇ ದಾರದಲ್ಲಿ ಪೋಣಿಸಿದ್ದಾರೆ.

ಅದೇ ಪಂಡಿತರನ್ನು ಇನ್ನೊಂದು ಪ್ರಶ್ನೆಯೂ ಕಾಡಿತ್ತು. ದಾವೀದನೇನು ಸಾಧುವೆ? ಊರೀಯನ ಹೆಂಡತಿಯನ್ನು ಕೂಡಿ, ಊರೀಯನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಕೊಲ್ಲಿಸಿದವನು. ಸೌಲನಿಗೆ ಒಂದು ತಪ್ಪು ಲೆಕ್ಕಕ್ಕೆ ಬಂತು, ದಾವೀದನಿಗೆ ಎರಡು ತಪ್ಪುಗಳೂ ಬರಲಿಲ್ಲವೆಂದು ತಾಲ್ಮುದಿನಲ್ಲಿಯೇ ಒಂದು ಕಡೆ ಹೇಳಿದೆ. ಆ ಮಾತಿನಲ್ಲಿ ಅಚ್ಚರಿಯೂ ಇದೆ, ಸಣ್ಣ ನಿಟ್ಟುಸಿರೂ ಇದೆ. ಕೃಪೆಯ ಲೆಕ್ಕ ಮನುಷ್ಯರಿಗೆ ಸಿಗದೆಂದು ಸುಮ್ಮನಾಗಬಹುದು. ಆದರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳದೆ ಇರದು. ಪ್ರವಾದಿಯಾದ ನಾತಾನನು ಬಂದು ಎದುರಿಗೆ ನಿಂತು ಆಪಾದಿಸಿದಾಗ, ದಾವೀದನು ತಾನು ಪಾಪ ಮಾಡಿದ್ದೇನೆಂದಷ್ಟೇ ಹೇಳಿ ಸುಮ್ಮನಾದನು. ಆ ವಾಕ್ಯಕ್ಕೆ ಬಾಲವಿಲ್ಲ. ಜನರಿಲ್ಲ, ಫಿಲಿಷ್ಟಿಯರಿಲ್ಲ, ಹಿರಿಯರ ಮುಂದಿನ ಮಾನವಿಲ್ಲ. ಶಿಕ್ಷೆ ಅವನಿಗೂ ಬಂದಿತು, ಮಗುವಿನ ಸಾವಾಗಿ ಬಂದಿತು. ಕುರಿಗಳು ಕೂಗುತ್ತಿರುವಾಗ ಮಾತ್ರ ಅವನು ಕೂಗಿಲ್ಲವೆನ್ನಲಿಲ್ಲ.

ಸೌಲನ ಕೊನೆಯ ರಾತ್ರಿಗೆ ಬರೋಣ. ಫಿಲಿಷ್ಟಿಯರು ಶೂನೇಮಿನಲ್ಲಿ, ಇಸ್ರಾಯೇಲ್ಯರು ಗಿಲ್ಬೋವ ಬೆಟ್ಟದಲ್ಲಿ. ಸಮುವೇಲನು ಸತ್ತು ಹೋಗಿದ್ದನು. ಅರಸನು ದೇವರನ್ನು ಕೇಳಿದರೆ ಕನಸಿನಲ್ಲಿ ಉತ್ತರವಿಲ್ಲ, ಪ್ರವಾದಿಗಳಲ್ಲಿ ಉತ್ತರವಿಲ್ಲ. ಕಾಯಲಾರದವನಿಗೆ ಕೊನೆಗೆ ಕಾಯುವುದಕ್ಕೂ ಏನೂ ಉಳಿಯಲಿಲ್ಲ. ಸತ್ತವರನ್ನು ಮಾತನಾಡಿಸುವವರನ್ನೆಲ್ಲ ದೇಶದಿಂದ ಓಡಿಸಿದ್ದ ಆ ಅರಸನೇ ವೇಷ ಮರೆಸಿಕೊಂಡು, ಇಬ್ಬರನ್ನು ಜೊತೆಗೆ ಕರೆದುಕೊಂಡು, ಕತ್ತಲಲ್ಲಿ ಎಂದೋರಿನ ಕಣಿಗಾರ್ತಿಯ ಬಾಗಿಲನ್ನು ತಟ್ಟಿದನು. ರನ್ನನ ಗದಾಯುದ್ಧವನ್ನು ಓದಿದ ಕನ್ನಡಿಗರಿಗೆ, ಹೆಣಗಳ ನಡುವೆ ನಡೆದು ಶರಶಯ್ಯೆಯ ಭೀಷ್ಮನ ಬಳಿಗೆ ಬರುವ ದುರ್ಯೋಧನನು ಇಲ್ಲಿ ನೆನಪಾಗದಿರಲಾರನು. ಆದರೆ ದುರ್ಯೋಧನನಿಗೆ ಅಜ್ಜನು ಒಂದು ಉಪಾಯವನ್ನಾದರೂ ಹೇಳಿದನು. ಸೌಲನಿಗೆ ಅದೂ ಸಿಗಲಿಲ್ಲ. ನೆಲದಿಂದೇಳುವ ಮುದುಕನೊಬ್ಬನು ನಿಲುವಂಗಿಯನ್ನು ಹೊದ್ದಿದ್ದಾನೆಂದು ಹೆಂಗಸು ಹೇಳಿದಾಗ ಸೌಲನು ಗುರುತು ಹಿಡಿದನು. ಸಮುವೇಲನು ದೇವಾಲಯದಲ್ಲಿ ಬೆಳೆಯುತ್ತಿದ್ದ ಬಾಲಕನಾಗಿದ್ದಾಗ ತಾಯಿ ಹನ್ನಳು ವರುಷಕ್ಕೊಂದರಂತೆ ಹೊಲಿದು ತರುತ್ತಿದ್ದುದು ಅಂತಹ ನಿಲುವಂಗಿಯನ್ನೇ. ಗಿಲ್ಗಾಲಿನಲ್ಲಿ ಸೌಲನ ಕೈಯಲ್ಲಿ ಹರಿದದ್ದೂ ಅಂಥದೇ. ನಾಳೆ ನೀನೂ ನಿನ್ನ ಮಕ್ಕಳೂ ನನ್ನೊಡನೆ ಇರುವಿರೆಂಬ ಅರ್ಥದ ಮಾತನ್ನು ಆ ಆಕೃತಿ ಹೇಳಿತು. ಸೌಲನು ನೆಲಕ್ಕೆ ಉದ್ದಕ್ಕೂ ಬಿದ್ದನು. ಹಗಲೆಲ್ಲ, ರಾತ್ರಿಯೆಲ್ಲ ಅವನು ಊಟಮಾಡಿರಲಿಲ್ಲ.

ಆಗ ಆ ಕಣಿಗಾರ್ತಿ ಮಾಡಿದ್ದನ್ನು ಬಹಳ ಮಂದಿ ಗಮನಿಸುವುದಿಲ್ಲ. ಮನೆಯಲ್ಲಿದ್ದ ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟನ್ನು ನಾದಿ, ಹುಳಿಯಿಲ್ಲದ ರೊಟ್ಟಿ ಸುಟ್ಟು, ಬಲವಂತದಿಂದ ಅವನಿಗೆ ಊಟವಿಕ್ಕಿದಳು. ಅವನ ಕಾನೂನಿಗೆ ಸಿಕ್ಕಿದ್ದರೆ ಸಾಯಬೇಕಾಗಿದ್ದವಳು ಅವಳು. ದೇವರೂ ಪ್ರವಾದಿಯೂ ಮುಖ ತಿರುಗಿಸಿದ ರಾತ್ರಿಯಲ್ಲಿ ಅವನಿಗೆ ಅನ್ನವಿಕ್ಕಿದ ಕೈ ಅದೊಂದೇ. ಉಂಡು, ಎದ್ದು, ಅವನು ಕತ್ತಲಲ್ಲಿಯೇ ಪಾಳೆಯಕ್ಕೆ ಹಿಂದಿರುಗಿದನು. ಸೋಲುವೆನೆಂದು ತಿಳಿದೂ ರಣವನ್ನು ಬಿಟ್ಟು ಓಡಲಿಲ್ಲವೆಂಬುದನ್ನು ಅವನ ಲೆಕ್ಕದಲ್ಲಿ ಬರೆಯಲೇಬೇಕು.

ಗಿಲ್ಬೋವದಲ್ಲಿ ಯೋನಾತಾನನೂ ಇನ್ನಿಬ್ಬರು ಮಕ್ಕಳೂ ಬಿದ್ದರು. ಬಿಲ್ಲುಗಾರರಿಂದ ಗಾಯಗೊಂಡ ಸೌಲನು, ಆಯುಧವಾಹಕನು ಕೊಲ್ಲಲೊಪ್ಪದಿರಲು, ತನ್ನ ಕತ್ತಿಯ ಮೇಲೆ ತಾನೇ ಬಿದ್ದನು. ಅವನ ಕಿರೀಟವನ್ನು ದಾವೀದನ ಬಳಿಗೆ ತಂದು, ತಾನೇ ಸೌಲನನ್ನು ಕೊಂದೆನೆಂದು ಕೊಚ್ಚಿಕೊಂಡು ಬಹುಮಾನಕ್ಕೆ ಕೈಯೊಡ್ಡಿದವನು ಯಾವ ಜನಾಂಗದವನು? ಅಮಾಲೇಕ್ಯ. ಅಳಿಸಿಹಾಕಿದ್ದೇನೆಂದು ಗಿಲ್ಗಾಲಿನಲ್ಲಿ ಅರಸನು ವರದಿಯೊಪ್ಪಿಸಿದ್ದ ಜನಾಂಗ. ಅವನಿಗೆ ದಾವೀದನು ಕೊಟ್ಟದ್ದು ಮರಣದಂಡನೆ.

ಸೌಲನ ರಾಜಧಾನಿ ಗಿಬೆಯವೆಂದು ಬಹುಮಂದಿ ವಿದ್ವಾಂಸರು ಗುರುತಿಸುವುದು ಜೆರೂಸಲೇಮಿನ ಉತ್ತರಕ್ಕಿರುವ ತೆಲ್ ಎಲ್ ಫೂಲ್ ದಿಬ್ಬವನ್ನು. 1922ರಲ್ಲಿ ಅಮೆರಿಕದ ವಿಲಿಯಂ ಆಲ್‌ಬ್ರೈಟರು ಅಲ್ಲಿ ಅಗೆದಾಗ ಒಂದು ಒರಟುಕಲ್ಲಿನ ಕೋಟೆಯ ಅವಶೇಷ ಸಿಕ್ಕಿತು. ಅದೇ ದಿಬ್ಬದ ಮೇಲೆ 1960ರ ದಶಕದಲ್ಲಿ ಜೋರ್ಡಾನಿನ ದೊರೆ ಹುಸೇನರು ಅರಮನೆಯೊಂದನ್ನು ಕಟ್ಟಿಸತೊಡಗಿದರು. 1967ರ ಯುದ್ಧ ಬಂದು ಅದೂ ಅರ್ಧಕ್ಕೆ ನಿಂತಿತು.

ಬೇತ್‌ಷೆಯಾನಿನ ಗೋಡೆಯ ಮೇಲೆ ಅರಸನ ದೇಹ ಜಡಿಸಿಕೊಂಡಿರುವ ಸುದ್ದಿ ಯೊರ್ದನಿನ ಆಚೆಗೆ ಮುಟ್ಟಿದಾಗ, ಯಾಬೇಷ್ ಗಿಲ್ಯಾದಿನ ಪರಾಕ್ರಮಿಗಳೆಲ್ಲ ಎದ್ದರು. ಅವರ ಬಲಗಣ್ಣುಗಳನ್ನು ಉಳಿಸಿದವನು ಅವನು. ರಾತ್ರಿಯೆಲ್ಲ ನಡೆದು, ಗೋಡೆಯಿಂದ ಸೌಲನ ಮತ್ತು ಅವನ ಮಕ್ಕಳ ಶರೀರಗಳನ್ನು ಇಳಿಸಿ ತಂದು, ಸುಟ್ಟು, ಎಲುಬುಗಳನ್ನು ತಮ್ಮ ಊರಿನ ಪಿಚುಲವೃಕ್ಷದ ಬುಡದಲ್ಲಿ ಹೂಳಿ ಏಳು ದಿನ ಉಪವಾಸವಿದ್ದರು. ಅತ್ತ ದಾವೀದನು ಬಟ್ಟೆ ಹರಿದುಕೊಂಡು ಒಂದು ಶೋಕಗೀತೆಯನ್ನು ಕಟ್ಟಿದನು. ಅದರಲ್ಲಿ ಗಿಲ್ಗಾಲಿನ ಹೆಸರಿಲ್ಲ, ಅಗಾಗನಿಲ್ಲ, ನೋಬಿಲ್ಲ, ತನ್ನ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ನಾಟಿದ ಈಟಿಯಿಲ್ಲ. ಇಸ್ರಾಯೇಲಿನ ಹೆಣ್ಣುಮಕ್ಕಳಿಗೆ ಕೆಂಪು ವಸ್ತ್ರವನ್ನೂ ಹೊನ್ನಿನ ಒಡವೆಯನ್ನೂ ತೊಡಿಸಿದವನಿಗಾಗಿ ಅವರು ಅಳಬೇಕೆಂದಿದೆ. ಆ ಹಾಡನ್ನು ಯೆಹೂದದ ಮಕ್ಕಳಿಗೆಲ್ಲ ಕಲಿಸಬೇಕೆಂದು ಅವನು ಅಪ್ಪಣೆ ಮಾಡಿದನು.